ಮೇ ತಿಂಗಳ ಕ್ರಿಸ್‌ಮಸ್ ತಾತ: ನಮ್ಮ ಕಣದ ಸಿನಿಮಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಮೇ ತಿಂಗಳ ಒಂದು ಶನಿವಾರ, ಕೊಡಗಿನ ಸಿದ್ದಾಪುರ ಕಡೆಯ ನಮ್ಮ ತೋಟದ ಕಾಫಿ ಕಣದಲ್ಲಿ ಒಂದು ಸಿನಿಮಾ ಹಾಕುತ್ತೇವೆ. ಗೋದಾಮಿನ ಗೋಡೆಗೆ ಸುಣ್ಣ ಹೊಡೆದಿದ್ದೇವೆ, ಅದೇ ಪರದೆ. ಪ್ರತಿ ವರ್ಷ ಅದೇ ಸಿನಿಮಾ, ಕ್ರಿಸ್‌ಮಸ್ ತಾತ ಸಾಂಟಾನ ಹಳೇ ಹಾಲಿವುಡ್ ಕಥೆ 'ಮಿರಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'. ಅದರ ತಾತನನ್ನು ನಾವು 'ವರ್ಷವಿಡೀ ಸಾಂಟಾ' ಎನ್ನುತ್ತೇವೆ. ಬರುವವರು ನೆಂಟರು, ತೋಟದ ಕೆಲಸಗಾರರ ಲೈನ್‌ಮನೆಯವರು, ಅಕ್ಕಪಕ್ಕದ ತೋಟದವರು. ಟಿಕೆಟ್ ಇಲ್ಲ. ಏಪ್ರಿಲ್ ಮುಗಿಯುವ ಹೊತ್ತಿಗೆ ಫೋನ್ ಶುರುವಾಗುತ್ತದೆ, ಎಲ್ಲರದ್ದೂ ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಈ ಸಲ ಬರೆದು ಹಾಕುತ್ತಿದ್ದೇನೆ. ಇದನ್ನು ಓದಿದ ಮೇಲೂ ಫೋನ್ ಮಾಡುವವರು ಮಾಡೇ ಮಾಡುತ್ತಾರೆ, ಅದೂ ಗೊತ್ತು.

ಕ್ರಿಸ್‌ಮಸ್ ಸಿನಿಮಾ ಮೇ ತಿಂಗಳಲ್ಲಾ? ತಲೆ ಸರಿ ಇದೆಯಾ?

ಸರಿ ಇದೆ. ಡಿಸೆಂಬರ್‌ನಲ್ಲಿ ಕಣ ಖಾಲಿ ಇರುವುದಿಲ್ಲ, ಅಷ್ಟೇ. ಮೊದಲು ಅರೇಬಿಕಾ ಕೊಯ್ಲು, ಹೊಸ ವರ್ಷ ಬಂದ ಮೇಲೆ ರೋಬಸ್ಟಾ. ಮಾರ್ಚ್‌ವರೆಗೆ ಕಣದ ತುಂಬ ಕಾಫಿ. ಸಂಜೆ ರಾಶಿ ಮಾಡಿ ಟಾರ್ಪಾಲ್ ಮುಚ್ಚಬೇಕು, ಬೆಳಿಗ್ಗೆ ಬಿಚ್ಚಿ ಹರಡಬೇಕು. ಅದರ ಮೇಲೆ ಎಪ್ಪತ್ತು ಜನ ಚಾಪೆ ಹಾಸಿಕೊಂಡು ಕೂತರೆ ಚಿಕ್ಕಪ್ಪ ನನ್ನನ್ನೇ ಒಣಗಲು ಹಾಕುತ್ತಾರೆ. ಅದೂ ಅಲ್ಲದೆ ಬೆಳಿಗ್ಗೆಯಿಂದ ಹಣ್ಣು ಕೊಯ್ದು, ಮೂಟೆ ಹೊತ್ತು, ತೂಕ ಹಾಕಿಸಿ ಮನೆಗೆ ಹೋದವರಿಗೆ ರಾತ್ರಿ ಸಿನಿಮಾ ನೋಡುವ ತ್ರಾಣ ಎಲ್ಲಿರುತ್ತದೆ? ಮೇ ತಿಂಗಳಲ್ಲಿ ಕಣ ಖಾಲಿ, ಮಕ್ಕಳಿಗೆ ರಜೆ, ದೊಡ್ಡ ಮಳೆ ಇನ್ನೂ ಹಿಡಿದಿರುವುದಿಲ್ಲ.

ಇನ್ನೊಂದು ಸಂಗತಿ ನಮಗೆ ಆಮೇಲೆ ಗೊತ್ತಾಗಿದ್ದು. ಈ ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಿದ್ದೂ ಬೇಸಿಗೆಯಲ್ಲೇ, 1947ರಲ್ಲಿ. ಸ್ಟುಡಿಯೋದ ಮುಖ್ಯಸ್ಥ ಡ್ಯಾರಿಲ್ ಜ್ಯಾನಕ್‌ಗೆ ಬೇಸಿಗೆಯಲ್ಲೇ ಜನ ಜಾಸ್ತಿ ಥಿಯೇಟರ್‌ಗೆ ಬರುತ್ತಾರೆ ಎಂಬ ನಂಬಿಕೆ ಇತ್ತು. ಹಾಗಾಗಿ ಜಾಹೀರಾತಿನಲ್ಲಿ ಕ್ರಿಸ್‌ಮಸ್ ವಿಷಯವನ್ನೇ ಆದಷ್ಟು ಮುಚ್ಚಿಟ್ಟರು. ಅವರು ಮಾಡಬಹುದು, ನಾವು ಮಾಡಬಾರದಾ?

ಯಾವ ಸಿನಿಮಾ ಅದು? ಎಷ್ಟು ಹೊತ್ತು?

'ಮಿರಕಲ್ ಆನ್ ಥರ್ಟಿಫೋರ್ತ್ ಸ್ಟ್ರೀಟ್'. 96 ನಿಮಿಷ. ಕಪ್ಪು ಬಿಳುಪು. ನಿರ್ದೇಶನ ಜಾರ್ಜ್ ಸೀಟನ್, ಕಥೆ ವ್ಯಾಲೆಂಟೈನ್ ಡೇವಿಸ್. ಇಬ್ಬರಿಗೂ ಆಸ್ಕರ್ ಬಂತು, ಸೀಟನ್‌ಗೆ ಚಿತ್ರಕಥೆಗಾಗಿ. ಮೂರನೆಯದು ತಾತನ ಪಾತ್ರ ಮಾಡಿದ ಎಡ್ಮಂಡ್ ಗ್ವೆನ್‌ಗೆ. ಮೌರೀನ್ ಓಹಾರಾ, ಜಾನ್ ಪೇನ್ ಇದ್ದಾರೆ. ಚಿಕ್ಕ ಹುಡುಗಿಯಾಗಿ ನಟಾಲಿ ವುಡ್.

ಕಥೆ ಏನು? ಕೊನೆ ಹೇಳಬೇಡಿ.

ಹೇಳುವುದಿಲ್ಲ. ನ್ಯೂಯಾರ್ಕ್‌ನ ಥ್ಯಾಂಕ್ಸ್‌ಗಿವಿಂಗ್ ಮೆರವಣಿಗೆಯಿಂದ ಶುರು. ಥ್ಯಾಂಕ್ಸ್‌ಗಿವಿಂಗ್ ಅಂದರೇನು ಎಂದು ಮಕ್ಕಳು ಕೇಳಿದರೆ 'ಅಮೆರಿಕದವರ ಹುತ್ತರಿ' ಎನ್ನುತ್ತೇನೆ. ಬೆಳೆ ಮನೆಗೆ ಬಂದ ಖುಷಿಗೆ ಮಾಡುವ ಹಬ್ಬ. ಬರುವುದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ನವೆಂಬರ್‌ನ ನಾಲ್ಕನೇ ಗುರುವಾರ. ಕದಿರು ಇಲ್ಲ, ಕೋಲಾಟ ಇಲ್ಲ, 'ಪೊಲಿ ಪೊಲಿ ದೇವಾ' ಇಲ್ಲ. ಊಟ ಮಾತ್ರ ಜೋರು.

ಮೇಸೀಸ್ ಎಂಬ ದೊಡ್ಡ ಅಂಗಡಿಯವರು ಆ ಮೆರವಣಿಗೆ ನಡೆಸುತ್ತಾರೆ. ನಿಜವಾಗಿಯೂ ನಡೆಸುತ್ತಾರೆ, 1924ರಿಂದ. ಸಿನಿಮಾದಲ್ಲಿ ಅವತ್ತು ಸಾಂಟಾ ವೇಷದವನು ಕುಡಿದು ತೂರಾಡುತ್ತಿರುತ್ತಾನೆ. (ಕಣದಲ್ಲಿ ದೊಡ್ಡ ನಗು ಬರುವುದು ಇಲ್ಲೇ. ಕೆಲವರು ಪಕ್ಕದವರ ಮುಖ ನೋಡಿ ನಗುತ್ತಾರೆ.) ಅಲ್ಲಿಗೆ ಬಂದ ಬಿಳಿ ಗಡ್ಡದ ಮುದುಕನಿಗೆ ಸಿಟ್ಟು ಬಂದು, ಮೆರವಣಿಗೆ ನೋಡಿಕೊಳ್ಳುವ ಡೋರಿಸ್‌ಗೆ ದೂರು ಕೊಡುತ್ತಾನೆ. ಅವಳಿಗೆ ಬೇರೆ ದಾರಿ ಇಲ್ಲ, ಅವನನ್ನೇ ಗಾಡಿ ಹತ್ತಿಸುತ್ತಾಳೆ. ಆಮೇಲೆ ಅಂಗಡಿಯೊಳಗೆ ಸಾಂಟಾ ಆಗಿ ಕೂರುವ ಕೆಲಸವೂ ಅವನಿಗೇ. ಹೆಸರು ಕೇಳಿದರೆ ಕ್ರಿಸ್ ಕ್ರಿಂಗಲ್ ಅನ್ನುತ್ತಾನೆ. ಅದು ಸಾಂಟಾನ ಇನ್ನೊಂದು ಹೆಸರು. ತಾನು ವೇಷದವನಲ್ಲ, ಸಾಕ್ಷಾತ್ ಅವನೇ ಎಂದು ವಾದ.

ಡೋರಿಸ್ ಅಂಥದ್ದನ್ನೆಲ್ಲ ನಂಬುವವಳಲ್ಲ. ಮಗಳು ಸೂಸನ್‌ಗೂ ಕಥೆಗಿಥೆ ಹೇಳದೆ ಬೆಳೆಸಿದ್ದಾಳೆ. ಪಕ್ಕದ ಮನೆಯಲ್ಲಿ ಫ್ರೆಡ್ ಎಂಬ ಲಾಯರ್. ಕೊನೆಗೆ ಮುದುಕನಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬುದು ಕೋರ್ಟ್ ಮೆಟ್ಟಿಲು ಹತ್ತುತ್ತದೆ. ಸಾಂಟಾ ಎಂಬುವನು ಇದ್ದಾನೆ, ಅದು ಇವನೇ ಎಂದು ಫ್ರೆಡ್ ಸಾಬೀತು ಮಾಡಬೇಕು. ಹೇಗೆ ಎಂದು ಕೇಳಬೇಡಿ. ಅಂಚೆಯವರು ಬರುತ್ತಾರೆ, ಇಷ್ಟೇ ಹೇಳುತ್ತೇನೆ. ನಮ್ಮ ಕಡೆಯ ಪೋಸ್ಟ್‌ಮ್ಯಾನ್ ಪ್ರತಿ ವರ್ಷ ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಆ ಸೀನ್ ಬಂದ ತಕ್ಷಣ ಎದ್ದು ನಿಲ್ಲುತ್ತಾರೆ. ಹಿಂದೆ ಕೂತವರಿಗೆ ಏನೂ ಕಾಣುವುದಿಲ್ಲ. ಯಾರೂ ಏನೂ ಅನ್ನುವುದಿಲ್ಲ.

ವರ್ಷವಿಡೀ ಸಾಂಟಾ ಅಂತೀರಲ್ಲ, ಹಾಗಂದರೇನು?

ನಮ್ಮಲ್ಲಿ ಡಿಸೆಂಬರ್ ಬಂದರೆ ಚರ್ಚ್ ಹುಡುಗರು ಜೀಪಿನಲ್ಲಿ ಕ್ಯಾರಲ್ ಹಾಡಿಕೊಂಡು ಬರುತ್ತಾರೆ. ಜೊತೆಗೆ ಮುಖವಾಡ ಹಾಕಿದ ಒಬ್ಬ ತಾತ. ಚಾಕೊಲೇಟ್ ಹಂಚುತ್ತಾನೆ, ನಾಲ್ಕು ಹೆಜ್ಜೆ ಕುಣಿಯುತ್ತಾನೆ. 26ನೇ ತಾರೀಕು ಮುಖವಾಡ ಅಟ್ಟ ಸೇರುತ್ತದೆ. ಈ ಕ್ರಿಸ್‌ನ ಗಡ್ಡ ಸ್ವಂತದ್ದು, ಕಳಚಿ ಅಟ್ಟಕ್ಕೆ ಹಾಕಲು ಬರುವುದಿಲ್ಲ. ಅವನು ಇರುವುದು ಒಂದು ವೃದ್ಧಾಶ್ರಮದಲ್ಲಿ. ಸಿನಿಮಾ ಶುರುವಾಗುತ್ತಿದ್ದಂತೆ, ರಸ್ತೆಯಲ್ಲಿ ಹೋಗುವವನು ಒಂದು ಅಂಗಡಿಯ ಮುಂದೆ ನಿಲ್ಲುತ್ತಾನೆ. ಒಳಗೆ ಒಬ್ಬ ಗೊಂಬೆ ಜಿಂಕೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾನೆ. ಯಾವ ಜಿಂಕೆ ಯಾವ ಕಡೆ ಇರಬೇಕು ಎಂದು ಇವನು ಅವನನ್ನು ತಿದ್ದುತ್ತಾನೆ. ಕೇಳಿದವರು ಯಾರೂ ಇಲ್ಲ!

ನನಗೆ ಅವನು ಇಷ್ಟ ಆಗುವುದು ಈ ಹಟಕ್ಕೇ. ಬರೀ ಹೋ ಹೋ ಎಂದು ನಗುವ ತಾತ ಅಲ್ಲ. ಅಂಗಡಿಯಲ್ಲಿ ಕಸ ಗುಡಿಸುವ ಹದಿನೇಳರ ಹುಡುಗ ಆಲ್ಫ್ರೆಡ್ ಇದ್ದಾನೆ. ಕ್ರಿಸ್‌ಮಸ್‌ಗೆ ಮಕ್ಕಳ ಮುಂದೆ ಸಾಂಟಾ ವೇಷ ಹಾಕುವುದೆಂದರೆ ಅವನಿಗೆ ಪ್ರಾಣ. 'ಇದೆಲ್ಲ ಮನಸ್ಸಿನ ಕಾಯಿಲೆ' ಎಂದು ಅಂಗಡಿಯ ಮನಃಶಾಸ್ತ್ರಜ್ಞ ಅವನ ತಲೆಗೆ ತುಂಬುತ್ತಾನೆ. ಹುಡುಗ ಕುಗ್ಗಿ ಹೋಗುತ್ತಾನೆ. ವಿಷಯ ಗೊತ್ತಾದ ಕೂಡಲೇ ಕ್ರಿಸ್ ನೇರ ಆ ಮನುಷ್ಯನ ಕೋಣೆಗೆ ನುಗ್ಗಿ, ಮಾತಿಗೆ ಮಾತು ಬೆಳೆದು, ತಲೆಗೆ ಒಂದು ಬಿಡುತ್ತಾನೆ. ಅವನಿಗೆ ಎಲ್ಲ ತಾಪತ್ರಯ ಶುರುವಾಗುವುದು ಅಲ್ಲಿಂದ. ಒಂದು ತಿಂಗಳ ಸಂಬಳಕ್ಕೆ ಸಾಂಟಾ ಆದವನು ಕಸ ಗುಡಿಸುವ ಹುಡುಗನಿಗಾಗಿ ಕೆಲಸ ಕಳೆದುಕೊಳ್ಳುವುದಿಲ್ಲ, ಅಲ್ವಾ?

ನಮ್ಮಲ್ಲೂ ಅಂಥವರು ಇದ್ದಾರೆ ಎಂದು ಚಿಕ್ಕಪ್ಪನ ವಾದ. ಜುಲೈ ಮಳೆಯಲ್ಲಿ, ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲದಾಗ, ಕಂಬ ಹತ್ತುವ ಲೈನ್‌ಮ್ಯಾನ್‌ಗೆ ಗಡ್ಡ ಇಲ್ಲ ಅಷ್ಟೇ ಅನ್ನುತ್ತಾರೆ.

ಇಂಗ್ಲಿಷ್ ಬರದವರು ಏನು ಮಾಡಬೇಕು?

ನಮ್ಮ ಅತ್ತಿಗೆ ಇದ್ದಾರೆ. ಮೈಕ್ ಹಿಡಿದು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಾರೆ. ಸಿನಿಮಾದಲ್ಲಿ ಇಲ್ಲದ್ದನ್ನೂ ಸ್ವಲ್ಪ ಸೇರಿಸುತ್ತಾರೆ ಎಂದು ನನಗೆ ಅನುಮಾನ. ಜಡ್ಜ್ ಸಾಹೇಬರ ಹೆಂಡತಿ ಬೈಯುವ ಸೀನ್‌ಗೆ ಅವರು ಕೊಡುವ ಮಾತು ಹಾಲಿವುಡ್‌ನಲ್ಲಿ ಯಾರೂ ಬರೆದಿರಲಿಕ್ಕಿಲ್ಲ.

ಒಂದು ಸೀನ್‌ಗೆ ಮಾತ್ರ ಮೈಕ್ ಕೆಳಗಿಡುತ್ತಾರೆ. ಹಾಲೆಂಡ್‌ನ ಅನಾಥಾಶ್ರಮದಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಸಾಂಟಾ ಹತ್ತಿರ ಬರುತ್ತಾಳೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ಕರೆದುಕೊಂಡು ಬಂದ ಹೆಂಗಸು ತಪ್ಪಾಯಿತು ಎನ್ನುವಂತೆ ಅದನ್ನೇ ಹೇಳುತ್ತಿರುತ್ತಾಳೆ. ಅಷ್ಟರಲ್ಲಿ ಕ್ರಿಸ್ ಆ ಮಗುವಿನ ಜೊತೆ ಡಚ್ ಭಾಷೆಯಲ್ಲೇ ಮಾತಾಡುತ್ತಾನೆ, ಇಬ್ಬರೂ ಸೇರಿ ಹಾಡುತ್ತಾರೆ. ಪಕ್ಕದಲ್ಲಿ ನಿಂತ ಸೂಸನ್ ನೋಡುತ್ತಿರುತ್ತಾಳೆ. ಸಿನಿಮಾದಲ್ಲಿ ಆ ಡಚ್ ಮಾತಿಗೆ ಅನುವಾದ ಇಲ್ಲ, ಬೇಕಾಗಿಯೂ ಇಲ್ಲ.

ನಮ್ಮ ಕಣದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಭಾಷೆ ಎಲ್ಲ ಕೇಳುತ್ತದೆ. ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರೂ ಲೈನ್‌ಮನೆಯಲ್ಲಿ ಇದ್ದಾರೆ. ಕಳೆದ ಸಲ ಹಾಗೆ ಹೊಸದಾಗಿ ಬಂದ ಒಂದು ಮಗು ಇಡೀ ಸಿನಿಮಾ ಅಮ್ಮನ ಸೆರಗು ಬಾಯಿಗಿಟ್ಟುಕೊಂಡು ಕೂತಿತ್ತು. ಡಚ್ ಹಾಡು ಬಂದಾಗ ಸೆರಗು ಬಿಟ್ಟು ಎರಡು ಕೈಯನ್ನೂ ನೆಲಕ್ಕೂರಿ ಮುಂದೆ ಬಾಗಿತು. ಹಾಡು ಮುಗಿದ ಮೇಲೆ ಮತ್ತೆ ಸೆರಗು.

ಮಕ್ಕಳು ಸಿನಿಮಾ ನೋಡಿ ಬಂದ ಮೇಲೆ ವಾರಗಟ್ಟಲೆ ಕೋತಿ ಥರ ಆಡುತ್ತಾರೆ. ಯಾಕೆ?

ಕ್ಷಮಿಸಿ. ಅದಕ್ಕೆ ಕ್ರಿಸ್ ಕಾರಣ. ಸೂಸನ್‌ಗೆ ಸುಮ್ನೆ ಕಲ್ಪಿಸಿಕೊಂಡು ಆಡುವುದೇ ಗೊತ್ತಿಲ್ಲ. ಬೇರೆ ಮಕ್ಕಳು ಪ್ರಾಣಿಗಳ ಆಟ ಆಡುವಾಗ 'ನಾನು ಪ್ರಾಣಿ ಅಲ್ಲವಲ್ಲ' ಎಂದು ದೂರ ಉಳಿಯುವ ಹುಡುಗಿ. ಅವಳಿಗೆ ಕ್ರಿಸ್ ಕೋತಿ ಆಗುವುದು ಹೇಗೆ ಎಂದು ಪಾಠ ಮಾಡುತ್ತಾನೆ. ಹೀಗೆ ಬಾಗು, ಹೀಗೆ ಕೆರೆದುಕೋ, ಹೀಗೆ ಮುಖ ಮಾಡು. ನಮ್ಮ ಮಕ್ಕಳಿಗೆ ಈ ಪಾಠ ಬೇಕಾಗಿಲ್ಲ, ದಿನಾ ಕಿತ್ತಳೆ ಮರದಲ್ಲಿ ಅಸಲಿ ಕೋತಿ ನೋಡುತ್ತಾರೆ. ಆದರೂ ಆ ಸೀನ್‌ನಲ್ಲಿ ಕಣದಲ್ಲಿರುವ ಮಕ್ಕಳೆಲ್ಲ ಎದ್ದು ಕೆರೆದುಕೊಳ್ಳುತ್ತಾರೆ. ಒಂದು ವರ್ಷ ನಾಯಿ ಹೆದರಿ ಬೊಗಳಲು ಶುರು ಮಾಡಿತ್ತು.

'ಸಾಂಟಾ ನಿಜವಾ?' ಎಂದು ಮಗು ಕೇಳಿದರೆ ಏನು ಹೇಳುವುದು?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಉತ್ತರ ನನಗೂ ಸುಲಭ ಅಲ್ಲ. ಹಾಗಾಗಿ ನಮ್ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ಎರಡು ವರ್ಷದ ಹಿಂದಿನ ಡಿಸೆಂಬರ್. ಕ್ಯಾರಲ್‌ನವರು ಬಂದರು. ಅವತ್ತು ಸಾಂಟಾ ಆದವನು ಪಕ್ಕದ ತೋಟದ ಹುಡುಗ. ಕೆಂಪು ಅಂಗಿ, ಹತ್ತಿಯ ಗಡ್ಡ, ಬಿಳಿ ಗ್ಲೌಸ್ ಎಲ್ಲ ಸರಿಯಾಗಿಯೇ ಇತ್ತು. ಬಲಗೈ ಗ್ಲೌಸ್‌ನ ತೋರುಬೆರಳು ಮಾತ್ರ ಹರಿದಿತ್ತು. ಅಲ್ಲಿಂದ ಹೊರಗೆ ಬಂದ ಬೆರಳು ಕಪ್ಪಗಿತ್ತು. ಕಾಫಿ ಕೊಯ್ದವರ ಕೈ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಆ ಕರೆ ಸೋಪಿಗೆ ಹೋಗುವುದಿಲ್ಲ. ಅಣ್ಣನ ಮಗಳಿಗೆ ಆಗ ಆರು ವರ್ಷ. ಚಾಕೊಲೇಟ್ ತೆಗೆದುಕೊಳ್ಳುವಾಗ ಆ ಬೆರಳನ್ನೇ ನೋಡಿದಳು. ಮುಗೀತು, ಗುಟ್ಟು ರಟ್ಟಾಯಿತು ಎಂದುಕೊಂಡೆ. ಜೀಪು ಗೇಟು ದಾಟುವ ತನಕ ಅವಳು ಸುಮ್ಮನಿದ್ದಳು. ಆಮೇಲೆ ಅಜ್ಜಿ ಹತ್ತಿರ ಹೋಗಿ ಹೇಳಿದಳು: 'ಅಜ್ಜೀ, ಸಾಂಟಾ ಕೂಡ ಕಾಫಿ ಕೊಯ್ಯಲು ಹೋಗ್ತಾನೆ.'

ನಾವು ಯಾರೂ ತಿದ್ದಲಿಲ್ಲ. ಹಾಗಾಗಿ ಮಗು ಕೇಳಿದರೆ ಮೊದಲು 'ನಿನಗೆ ಏನನಿಸುತ್ತದೆ' ಎಂದು ವಾಪಸ್ ಕೇಳಿ. ನೀವು ಹೇಳಬೇಕು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿರುವುದನ್ನು ಅವರೇ ಹೇಳುತ್ತಾರೆ.

ಅಂದಹಾಗೆ, ಸೂಸನ್ ಆಗಿ ನಂಬದ ಹುಡುಗಿಯ ಪಾತ್ರ ಮಾಡಿದ ನಟಾಲಿ ವುಡ್ ಎಡ್ಮಂಡ್ ಗ್ವೆನ್‌ರನ್ನು ನಿಜವಾದ ಸಾಂಟಾ ಎಂದೇ ನಂಬಿದ್ದಳಂತೆ. ಶೂಟಿಂಗ್ ಮುಗಿದ ಪಾರ್ಟಿಯಲ್ಲಿ ಗಡ್ಡ ಇಲ್ಲದ ಗ್ವೆನ್‌ರನ್ನು ನೋಡಿದಾಗಲೇ ಗೊತ್ತಾಗಿದ್ದು.

ನಾವು ಕ್ರೈಸ್ತರಲ್ಲ. ಬರಬಹುದಾ?

ನಾವೂ ಅಲ್ಲ. ಕೊಡಗಿನಲ್ಲಿ ಇದೊಂದು ಪ್ರಶ್ನೆಯಾ? ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ 1792ರದ್ದು. ಟಿಪ್ಪುವಿನ ಕಾಲದಲ್ಲಿ ಓಡಿ ಬಂದ ಕ್ರೈಸ್ತರಿಗೆ ಜಾಗ ಕೊಟ್ಟವನು ಲಿಂಗಾಯತ ದೊರೆ ದೊಡ್ಡ ವೀರರಾಜೇಂದ್ರ. ಮಡಿಕೇರಿ ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಈಗ ಮ್ಯೂಸಿಯಂ. ಹೊರಗೆ ಚರ್ಚು, ಒಳಗೆ ಹಳೇ ವಿಗ್ರಹಗಳು, ವೀರಗಲ್ಲುಗಳು. ಡಿಸೆಂಬರ್‌ನಲ್ಲಿ ನಮ್ಮ ಮನೆಗೆ ಕ್ರಿಸ್‌ಮಸ್ ತಿಂಡಿಗಳ ಕುಸ್ವಾರ್ ತಟ್ಟೆ ಬರುತ್ತದೆ, ನೆವ್ರಿ, ಕಿಡಿಯೋ ಎಲ್ಲ ಇರುತ್ತದೆ. ಹುತ್ತರಿಗೆ ನಮ್ಮಿಂದ ತಂಬಿಟ್ಟು ಹೋಗುತ್ತದೆ. ಬನ್ನಿ ಸುಮ್ನೆ.

ಮನೆಮಂದಿಯೆಲ್ಲ ಕೂತು ನೋಡಬಹುದಾ?

ಧಾರಾಳವಾಗಿ. ಡೋರಿಸ್ ಡೈವೋರ್ಸ್ ಆದವಳು. ಅಷ್ಟಕ್ಕೇ ಅಮೆರಿಕದ ಕ್ಯಾಥೋಲಿಕರ ಲೀಜನ್ ಆಫ್ ಡೀಸೆನ್ಸಿ ಆಗ ಈ ಸಿನಿಮಾಗೆ 'ಬಿ' ದರ್ಜೆ ಕೊಟ್ಟು ಆಕ್ಷೇಪ ಎತ್ತಿತ್ತು. ನಮ್ಮ ಅಜ್ಜಿ ಆಕ್ಷೇಪ ಎತ್ತಿದ್ದು ಬೇರೆ ವಿಷಯಕ್ಕೆ: 'ಅಷ್ಟು ಒಳ್ಳೆ ಲಾಯರ್ ಪಕ್ಕದ ಮನೆಯಲ್ಲೇ ಇದ್ದಾನೆ, ಅವಳು ಇಷ್ಟು ಹೊತ್ತು ಯೋಚನೆ ಮಾಡೋದಾ?'

ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸುತ್ತಾನಂತಲ್ಲ, ಅದು ಹೇಗೆ ಸಾಧ್ಯ?

ವ್ಯಾಪಾರ ಮಾಡುವವರೆಲ್ಲ ಕೇಳುವ ಪ್ರಶ್ನೆ. ಮೇಸೀಸ್‌ನಲ್ಲಿ ಕೂತ ಕ್ರಿಸ್, ಮಗುವಿಗೆ ಬೇಕಾದ ಆಟಿಕೆ ಇಲ್ಲಿಲ್ಲ ಅಂದರೆ ಎಲ್ಲಿ ಸಿಗುತ್ತದೆ ಎಂದು ತಾಯಿಗೆ ಹೇಳಿಬಿಡುತ್ತಾನೆ. ಒಳ್ಳೆ ಸ್ಕೇಟ್ಸ್ ಬೇಕಾದರೆ ಗಿಂಬೆಲ್ಸ್‌ಗೆ ಹೋಗಿ ಅನ್ನುತ್ತಾನೆ. ಗಿಂಬೆಲ್ಸ್ ಅಂದರೆ ಆಗ ಮೇಸೀಸ್‌ನ ಕಡು ವೈರಿ. ಮೇಲಿನವರಿಗೆ ಎದೆ ಧಸಕ್ಕೆನ್ನುತ್ತದೆ. ಆದರೆ ಹೀಗೆ ಮಾಡುವ ಅಂಗಡಿ ಬಿಟ್ಟು ಬೇರೆ ಕಡೆ ಯಾಕೆ ಹೋಗಲಿ ಎಂದು ಗಿರಾಕಿಗಳು ವಾಪಸ್ ಬರುತ್ತಾರೆ. ಆಮೇಲೆ ಗಿಂಬೆಲ್ಸ್‌ನವರೂ ಅದನ್ನೇ ಶುರು ಮಾಡುತ್ತಾರೆ.

ನನಗೆ ಇದು ಕಥೆ ಅನಿಸುವುದಿಲ್ಲ. ಒಂದು ಸಲ ಕೊಯ್ಲಿನ ನಟ್ಟನಡುವೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೈಕೊಟ್ಟಿತು. ಹಣ್ಣು ರಾಶಿ ಬಿದ್ದಿದೆ, ಇಟ್ಟರೆ ಹುಳಿ ಬರುತ್ತದೆ. ಒಂದು ಅಂಗಡಿಗೆ ಓಡಿದೆ. ಅವರು 'ನಮ್ಮಲ್ಲಿ ಇರೋದು ನಿಮ್ಮ ಮಿಷನ್‌ಗೆ ಎರಡು ದಿನ ಬರಬಹುದು ಅಷ್ಟೇ, ಎದುರುಗಡೆ ಸರಿಯಾದ್ದೇ ಇದೆ, ಹೋಗಿ' ಎಂದರು. ಎದುರಿನವರ ಜೊತೆ ಅವರಿಗೆ ಮಾತುಕತೆಯೂ ಇರಲಿಲ್ಲ. ಅವತ್ತಿನಿಂದ ಮೊಳೆ ಬೇಕಾದರೂ ನಾನು ಹೋಗುವುದು ಆ ಮೊದಲನೇ ಅಂಗಡಿಗೇ.

ಬಣ್ಣದ್ದು ಹಾಕಿ, ಮಕ್ಕಳಿಗೆ ಬೋರ್ ಆಗಲ್ವಾ?

1985ರಲ್ಲಿ ಇದಕ್ಕೆ ಬಣ್ಣ ಹಚ್ಚಿದರು. ನೋಡಿದ್ದೇನೆ, ಎಲ್ಲರ ಕೆನ್ನೆಗೂ ರೋಸ್ ಪೌಡರ್ ಬಳಿದ ಹಾಗಿದೆ. 1994ರಲ್ಲಿ ಹೊಸದಾಗಿಯೂ ತೆಗೆದರು, ರಿಚರ್ಡ್ ಅಟೆನ್‌ಬರೋ ತಾತ. ನಮ್ಮ 'ಗಾಂಧಿ' ಸಿನಿಮಾ ತೆಗೆದ ಅದೇ ಅಟೆನ್‌ಬರೋ. ಅದೂ ಪರವಾಗಿಲ್ಲ. ಅದರಲ್ಲಿ ಡಚ್ ಹುಡುಗಿಯ ಬದಲು ಕಿವಿ ಕೇಳದ ಮಗು, ತಾತ ಸನ್ನೆ ಭಾಷೆಯಲ್ಲಿ ಮಾತಾಡುತ್ತಾನೆ. ಮೇಸೀಸ್‌ನವರು ಹೆಸರು ಬಳಸಲು ಬಿಡದೆ ಅಂಗಡಿಯ ಹೆಸರೂ ಬೇರೆಯಾಯಿತು. ಮನೆಯಲ್ಲಿ ನೋಡಿಕೊಳ್ಳಿ. ಕಣದಲ್ಲಿ ಹಳೇದೇ. 1946ರ ಅಸಲಿ ಮೆರವಣಿಗೆಯಲ್ಲೇ ಗ್ವೆನ್‌ರನ್ನು ಸಾಂಟಾ ಆಗಿ ಕೂರಿಸಿ ತೆಗೆದ ದೃಶ್ಯಗಳಿವೆ. ಇನ್ನೊಮ್ಮೆ ಮಾಡಿ ಅನ್ನಲು ಆಗದ ಶೂಟಿಂಗ್ ಅದು. ಆ ಜನಜಂಗುಳಿ ಬಣ್ಣ ಹಚ್ಚಿದರೆ ಬರುವಂಥದ್ದಲ್ಲ.

ನಿಜವಾಗಿ ವರ್ಷವಿಡೀ ಸಾಂಟಾ ಸಿಗುವ ಜಾಗ ಇದೆಯಾ?

ಇದೆ. ಫಿನ್ಲೆಂಡ್‌ನ ರೊವಾನಿಯೆಮಿ, ಉತ್ತರ ಧ್ರುವ ವೃತ್ತದ ಮೇಲೆ. ಅಲ್ಲಿ ಸಾಂಟಾ ಹಳ್ಳಿ ಮಾಡಿದ್ದಾರೆ, ಜೂನ್‌ನಲ್ಲಿ ಹೋದರೂ ತಾತ ಇರುತ್ತಾನೆ, ಅವನದೇ ಪೋಸ್ಟ್ ಆಫೀಸ್ ಇದೆ. ಕೆನಡಾದ ಅಂಚೆಯವರು ಸಾಂಟಾಗೆ ಪಿನ್‌ಕೋಡ್ ಕೊಟ್ಟಿದ್ದಾರೆ: ಎಚ್0ಎಚ್ 0ಎಚ್0. ಓದಿದರೆ ಹೋ ಹೋ ಹೋ! ಮೂಲ ನಿಕೋಲಸ್ ಮಾತ್ರ ಹಿಮದ ನಾಡಿನವನಲ್ಲ. ಈಗಿನ ಟರ್ಕಿಯ ಮೈರಾದಲ್ಲಿ ನಾಲ್ಕನೇ ಶತಮಾನದಲ್ಲಿ ಬಿಷಪ್ ಆಗಿದ್ದವನು. ಆ ಕಡೆ ಕಿತ್ತಳೆ ಬೆಳೆಯುತ್ತಾರೆ. ಕೊಡಗಿನವರಿಗೆ ಇಷ್ಟು ಸಾಕಲ್ಲ, ನೆಂಟಸ್ತನ ಹೇಳಿಕೊಳ್ಳಲು.

ಸಿನಿಮಾದಲ್ಲಿ ಮಂಜು ಬೀಳುತ್ತಾ? ಇಲ್ಲಿ ಮಳೆ ಬಂದರೆ?

ನಮ್ಮ ಮಕ್ಕಳಿಗೆ ಮಂಜು ಅಂದರೆ ಬೆಳಿಗ್ಗೆ ಗೇಟು ಕಾಣದ ಹಾಗೆ ಮುಚ್ಚುವುದು. ಕೈಯಲ್ಲಿ ಉಂಡೆ ಕಟ್ಟುವ ಮಂಜು ಬೇರೆ ಎಂದು ಪ್ರತಿ ವರ್ಷ ವಿವರಿಸುತ್ತೇವೆ. ಈ ಸಿನಿಮಾದಲ್ಲಿ ಅದರ ಆರ್ಭಟ ಕಮ್ಮಿ. ಇದು ಅಂಗಡಿ, ಮನೆ, ಕೋರ್ಟ್‌ನೊಳಗಿನ ಕಥೆ.

ಆದರೆ ಒಂದು ವರ್ಷ ಮಂಜು ಬಿತ್ತು. ಸಂಜೆ ಐದಕ್ಕೆ ಗುಡು ಗುಡು ಎಂದು ಒಂದು ಮಳೆ ಹೊಡೆದು ನಿಂತಿತ್ತು. ಕಣ ಒರೆಸಿ, ಏಳೂಕಾಲಿಗೆ ಶುರು ಮಾಡಿದೆವು. ಅರ್ಧ ಗಂಟೆಯಲ್ಲಿ ಮಳೆಹುಳ ಎದ್ದವು. ರೆಕ್ಕೆ ಬಂದ ಗೆದ್ದಲು, ಸಾವಿರಗಟ್ಟಲೆ, ಎಲ್ಲವೂ ಪ್ರೊಜೆಕ್ಟರ್ ಬೆಳಕಿಗೆ. ನ್ಯೂಯಾರ್ಕ್ ತುಂಬ ಬೆಳ್ಳಗೆ ಏನೋ ಉದುರುತ್ತಿದೆ. 'ಸ್ನೋ! ಸ್ನೋ!' ಎಂದು ಮಕ್ಕಳ ಕಿರುಚಾಟ. ಹತ್ತು ನಿಮಿಷಕ್ಕೆ ರೆಕ್ಕೆ ಉದುರಿಸಿಕೊಂಡು ಎಲ್ಲರ ಕಾಲರ್ ಒಳಗೆ ಇಳಿದಾಗ ಕಿರುಚಾಟ ಬೇರೆ ಥರ ಆಯಿತು. ಪ್ರೊಜೆಕ್ಟರ್ ಆರಿಸಿ, ದೂರದಲ್ಲಿ ಒಂದು ಬಲ್ಬ್ ಹಾಕಿ, ಕೆಳಗೆ ನೀರಿನ ಬುಟ್ಟಿ ಇಟ್ಟು ಕಾಯಬೇಕಾಯಿತು.

ಜೋರು ಮಳೆ ಬಂದರೆ ಗೋದಾಮಿನೊಳಗೆ. ಕರೆಂಟ್ ಹೋದರೆ ಜನರೇಟರ್ ಇದೆ. ಜನರೇಟರ್ ಹೋದರೆ ಅತ್ತಿಗೆ ಉಳಿದ ಕಥೆ ಹೇಳುತ್ತಾರೆ.

ಆನೆ?

ಮೇ ಅಂದರೆ ಹಲಸಿನ ಕಾಲ. ಹಾಗಾಗಿ ಇದ್ದೇ ಇರುತ್ತವೆ. ಸಿನಿಮಾ ಒಂಬತ್ತರೊಳಗೆ ಮುಗಿಸುತ್ತೇವೆ. ಯಾರೂ ನಡೆದುಕೊಂಡು ಹೋಗಬೇಡಿ, ಬೈಕ್ ಕೂಡ ಬೇಡ. ಎರಡು ಜೀಪು ಮೂರು ಟ್ರಿಪ್ ಹೊಡೆಯುತ್ತವೆ. ಕಣದ ಹತ್ತಿರದ ಮರಗಳ ಹಲಸನ್ನು ಮೊದಲೇ ಇಳಿಸಿರುತ್ತೇವೆ.

ಊಟ?

ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಕೋಳಿ ಸಾರು. ಮತ್ತೆ ಇಳಿಸಿದ ಹಲಸು. ಪಕ್ಕದ ತೋಟದ ಆಂಟಿ ಡಿಸೆಂಬರ್‌ನಿಂದ ಎತ್ತಿಟ್ಟ ಒಂದು ಪ್ಲಮ್ ಕೇಕ್ ತರುತ್ತಾರೆ. ಎಪ್ಪತ್ತು ಜನಕ್ಕೆ ಒಂದೇ ಕೇಕ್, ಹಾಗಾಗಿ ತುಂಡು ಕಾಣಿಸದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಡಿಸ್ಕ್ ಎರವಲು ಕೊಡುತ್ತೀರಾ?

ಇಲ್ಲ. ಒಮ್ಮೆ ಕೊಟ್ಟಿದ್ದೆ. ಎಂಟು ತಿಂಗಳಾದ ಮೇಲೆ ಡಬ್ಬಿ ವಾಪಸ್ ಬಂತು, ಒಳಗೆ ಯಾರದೋ ಮದುವೆ ಇತ್ತು. ಗೋಣಿಕೊಪ್ಪದ ಕಡೆಯ ಮದುವೆ ಅನಿಸುತ್ತದೆ, ವಾಲಗ ಚೆನ್ನಾಗಿದೆ. ನಿಮ್ಮದಾಗಿದ್ದರೆ ಶನಿವಾರ ಬಂದು ತೆಗೆದುಕೊಂಡು ಹೋಗಿ.